ವೈರಸ್ಸಿಗೆ ಬೇಕಿರುವುದು ಕ್ಯಾನ್ಸರ್ ಅಲ್ಲ, ಸಾಮಗ್ರಿ

ಕ್ಯಾನ್ಸರ್ ಗಡ್ಡೆ ಎಲ್ಲೆಲ್ಲಿದೆ ಎಂದು ತೋರಿಸುವ ಪೆಟ್ ಸ್ಕ್ಯಾನಿನ ವರದಿ ಹಿಡಿದು ಬಂದವರಲ್ಲಿ ಅನೇಕರು ಕೇಳುತ್ತಾರೆ: "ಡಾಕ್ಟ್ರೇ, ಗಡ್ಡೆ ಸಕ್ಕರೆ ತಿನ್ನುತ್ತಂತೆ. ನಾನು ಸಕ್ಕರೆ ಬಿಟ್ಟರೆ ಅದು ಸಾಯಲ್ವಾ?" ಹಾಗನ್ನಿಸುವುದು ಸಹಜ. ಸ್ಕ್ಯಾನಿಗೆ ಮುಂಚೆ ಚುಚ್ಚುವ ಔಷಧಿ ಹೆಚ್ಚುಕಮ್ಮಿ ಗ್ಲೂಕೋಸೇ, ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ್ದು. ಜೀವಕೋಶ ಅದನ್ನು ಒಳಗೆಳೆದು ಒಂದು ಫಾಸ್ಫೇಟ್ ಸೇರಿಸುತ್ತದೆ. ಆಮೇಲೆ ಅದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಜಾಸ್ತಿ ಎಳೆದುಕೊಂಡ ಜಾಗ ಹೊಳೆಯುತ್ತದೆ.

ಈ ಹಸಿವನ್ನು 1920ರ ದಶಕದಲ್ಲೇ ಜರ್ಮನಿಯ ಆಟೊ ವಾರ್ಬರ್ಗ್ ಗುರುತಿಸಿದ್ದರು. ಆಮ್ಲಜನಕ ಬೇಕಾದಷ್ಟಿದ್ದರೂ ಗಡ್ಡೆಯ ಕೋಶಗಳು ಬಹುಪಾಲು ಗ್ಲೂಕೋಸನ್ನು ಪೂರ್ತಿ ಉರಿಸದೆ, ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತವೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ) ಸಿಗುತ್ತದೆ. ಈ ದಾರಿಯಲ್ಲಿ ಬರೀ 2. ನಷ್ಟದ ವ್ಯಾಪಾರ ಅನ್ನಿಸುತ್ತೆ ಅಲ್ವಾ? ಆದರೆ ಮನೆ ಕಟ್ಟುವವನು ಮರವನ್ನೆಲ್ಲ ಒಲೆಗೆ ಹಾಕುವುದಿಲ್ಲ. ಉರಿಸದೆ ಉಳಿಸಿದ ತುಣುಕುಗಳಿಂದಲೇ ಹೊಸ ಡಿಎನ್‌ಎ, ಕೊಬ್ಬು, ಅಮೈನೋ ಆಮ್ಲ ತಯಾರಾಗಬೇಕು.

ಕೆಲವು ಕ್ಯಾನ್ಸರ್‌ಗಳು ವೈರಸ್ಸಿನಿಂದ ಬರುತ್ತವೆ. ಆ ವೈರಸ್ಸಿಗೆ ಬೇಕಿರುವುದೂ ಈ ಸಾಮಗ್ರಿಗಳೇ. ಅದಕ್ಕೆ ಸ್ವಂತ ಚಯಾಪಚಯ ಇಲ್ಲ, ಎಲ್ಲವನ್ನೂ ನಮ್ಮ ಕೋಶದಿಂದಲೇ ಪಡೆಯಬೇಕು.

ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿಯನ್ನೇ ನೋಡಿ. ಅದು ಸಂಖ್ಯೆ ಹೆಚ್ಚಿಸಿಕೊಳ್ಳುವುದು ಒಳಪದರದ ಮೇಲ್ಭಾಗದ ಕೋಶಗಳಲ್ಲಿ. ಅವು ವಿಭಜನೆ ನಿಲ್ಲಿಸುವ ಹಂತದಲ್ಲಿರುತ್ತವೆ. ಅಲ್ಲಿ ಡಿಎನ್‌ಎ ಕಟ್ಟುವ ಕೆಲಸ ಮುಗಿದಿರುತ್ತದೆ. ಅದನ್ನು ಮತ್ತೆ ಶುರು ಮಾಡಿಸಲು ವೈರಸ್ ಎರಡು ಪ್ರೋಟೀನ್ ಬಳಸುತ್ತದೆ, ಇ6 ಮತ್ತು ಇ7. ಇ7 ವಿಭಜನೆಯ ಬ್ರೇಕ್ ಸಡಿಲಿಸುತ್ತದೆ. ಇ6, ಪಿ53 ಎಂಬ ಕಾವಲುಗಾರ ಪ್ರೋಟೀನನ್ನು ನಾಶ ಮಾಡಿಸುತ್ತದೆ. ಪಿ53 ಡಿಎನ್‌ಎಗೆ ಪೆಟ್ಟಾದಾಗ ಕೋಶವನ್ನು ತಡೆಯುತ್ತದೆ ಅಂತ ಪಠ್ಯಪುಸ್ತಕ ಹೇಳುತ್ತದೆ. ಅದು ಗ್ಲೂಕೋಸ್ ಒಳಬರುವುದಕ್ಕೂ ಮಿತಿ ಹಾಕುತ್ತದೆ. ಅದು ಹೋದರೆ ಆ ಮಿತಿಯೂ ಹೋಯಿತು.

ಇ7 ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗ್ಲೂಕೋಸ್ ಒಡೆಯುವ ಸಾಲಿನ ಕೊನೆಯ ಮೆಟ್ಟಿಲಲ್ಲಿ ಪೈರುವೇಟ್ ಕೈನೇಸ್ ಎಂ2 ಎಂಬ ಕಿಣ್ವ ಇದೆ. ನಾಲ್ಕು ತುಂಡು ಸೇರಿದರೆ ಚುರುಕು, ಎರಡೇ ಇದ್ದರೆ ಮಂದ. ಇ7 ಹಿಡಿದುಕೊಂಡಾಗ ಅದು ಎರಡರ ಜೋಡಿಯಾಗಿ ಉಳಿಯುತ್ತದೆ. ಕೊನೆಯ ಮೆಟ್ಟಿಲು ನಿಧಾನವಾದರೆ ಹಿಂದಿನ ಮೆಟ್ಟಿಲುಗಳ ಸರಕು ಅಲ್ಲಲ್ಲೇ ಜಮೆಯಾಗಿ, ಡಿಎನ್‌ಎ ಕಟ್ಟುವ ಕಡೆಗೆ ತಿರುಗುತ್ತದೆ. ನನಗಂತೂ ಇದು ಬಹಳ ಜಾಣತನದ ಏರ್ಪಾಡು ಅನ್ನಿಸುತ್ತದೆ.

ಹೆಚ್ಚಿನವರಲ್ಲಿ ಈ ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿ ಅಡಗುತ್ತದೆ. ಕೆಲವರಲ್ಲಿ ಉಳಿದು, ವೈರಸ್ಸಿನ ಡಿಎನ್‌ಎ ನಮ್ಮ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದೆ. ಆಗ ಇ6, ಇ7 ನಿಲ್ಲುವುದೇ ಇಲ್ಲ. ತಮಾಷೆ ಏನೆಂದರೆ, ಅಂಥ ಕೋಶದಿಂದ ಹೊಸ ವೈರಸ್ ಹೊರಬರುವುದು ಸಾಮಾನ್ಯವಾಗಿ ನಿಂತೇ ಹೋಗಿರುತ್ತದೆ. ಕ್ಯಾನ್ಸರಿನಿಂದ ವೈರಸ್ಸಿಗೆ ಲಾಭವೇನೂ ಇಲ್ಲ.

ಬೇರೆ ವೈರಸ್‌ಗಳ ದಾರಿ ಬೇರೆ. ಎಪ್‌ಸ್ಟೀನ್-ಬಾರ್ ವೈರಸ್ ರೋಗನಿರೋಧಕ ಪಡೆಯ ಬಿ ಕೋಶಗಳಲ್ಲಿ, ಬೆಳವಣಿಗೆಗೆ ಚುರುಕು ಕೊಡುವ ಮಿಕ್ ಜೀನನ್ನು ಎಬ್ಬಿಸುತ್ತದೆ. ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನ ವೈರಸ್ ಹೊಕ್ಕ ಕೋಶಗಳು ಗ್ಲುಟಮಿನ್ ಎಂಬ ಅಮೈನೋ ಆಮ್ಲ ಇಲ್ಲದೆ ಬದುಕಲಾರವು. ಹೆಪಟೈಟಿಸ್ ಸಿ ವೈರಸ್ ಯಕೃತ್ತಿನ ಕೊಬ್ಬಿನ ಹನಿಗಳ ಮೇಲೆ ಕೂತು ಜೋಡಣೆಯಾಗುತ್ತದೆ.

ಈಗ ಸಕ್ಕರೆ ಪ್ರಶ್ನೆ. ನೀವು ತಿನ್ನದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ, ರಕ್ತದಲ್ಲಿ ಅದು ಬರಿದಾಗಲು ಬಿಡುವುದಿಲ್ಲ. ಊಟ ಬಿಟ್ಟರೆ ಕರಗುವುದು ಮೈಯ ಸ್ನಾಯು. ಸಿಹಿ ಮಿತಿಯಲ್ಲಿರಲಿ, ಸುಮ್ನೆ ಉಪವಾಸ ಬೇಡ. ಔಷಧಿಯಿಂದ ಈ ದಾರಿ ಮುಚ್ಚುವುದೂ ಸುಲಭವಲ್ಲ. ಮೆದುಳು, ಗಡ್ಡೆಯ ಮೇಲೆ ಹೋರಾಡುವ ಟಿ ಕೋಶಗಳು, ಎಲ್ಲಕ್ಕೂ ಗ್ಲೂಕೋಸ್ ಬೇಕು.

ಎಚ್‌ಪಿವಿಗೆ, ಯಕೃತ್ತಿನ ಕ್ಯಾನ್ಸರ್ ತರಬಲ್ಲ ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ 8ರಿಂದ 12 ವಾರದ ಮಾತ್ರೆಯಲ್ಲಿ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ. ಆದರೆ ಅಷ್ಟರಲ್ಲಿ ಸಿರೋಸಿಸ್ (ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುವುದು) ಆಗಿದ್ದವರಿಗೆ, ಯಕೃತ್ತಿನಲ್ಲಿ ಕ್ಯಾನ್ಸರ್ ಎದ್ದಿದೆಯೇ ನೋಡಲು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಅನ್ನುತ್ತೇವೆ. "ವೈರಸ್ ಹೋಯ್ತಲ್ಲ, ಮತ್ತ್ಯಾಕೆ?" ಅಂತ ಬೇಸರಪಡುತ್ತಾರೆ. ವೈರಸ್ ಹೋಗಿದೆ ನಿಜ. ವರ್ಷಗಟ್ಟಲೆ ಗಾಯವಾಗಿ, ಮತ್ತೆ ಮತ್ತೆ ಬೆಳೆದ ಕೋಶಗಳ ಡಿಎನ್‌ಎಯಲ್ಲಿ ಕೂಡಿಕೊಂಡ ಬದಲಾವಣೆಗಳನ್ನು ಮಾತ್ರೆ ಅಳಿಸುವುದಿಲ್ಲ.