ಡಬ್ಬಿ ಹಾಗೇ ವಾಪಸ್ ಬಂದರೆ

ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಮೀಥೈಲ್‌ಫೆನಿಡೇಟ್ ಎಂಬ ಔಷಧ ಶುರು ಮಾಡಿದ ಮೇಲೆ ಅಮ್ಮಂದಿರಿಂದ ತಪ್ಪದೇ ಬರುವ ದೂರು ಊಟದ್ದು. ಶಾಲೆಗೆ ಕಳಿಸಿದ ಡಬ್ಬಿ ತೆಗೆದರೆ ಚಿತ್ರಾನ್ನ ಹಾಗೇ ಇರುತ್ತದೆ, ಕಡಲೆಬೀಜ ಮಾತ್ರ ಮಾಯ.

ನರಕೋಶಗಳು ಸಂದೇಶ ಸಾಗಿಸಲು ಹೊರಬಿಟ್ಟ ಡೋಪಮಿನ್, ನಾರ್‌ಅಡ್ರಿನಲಿನ್‌ಗಳನ್ನು ಮತ್ತೆ ಒಳಗೆಳೆದುಕೊಳ್ಳದಂತೆ ಈ ಔಷಧ ತಡೆಯುತ್ತದೆ. ಗಮನ ನಿಲ್ಲುವುದು ಇದರಿಂದಲೇ. ಹಸಿವು ಅಡಗುವುದೂ ನಾಡಿ, ರಕ್ತದೊತ್ತಡ ತುಸು ಏರುವುದೂ ಇದರಿಂದಲೇ. ಸಾಧಾರಣ ಮಾತ್ರೆಯ ಪ್ರಭಾವ 3–4 ಗಂಟೆ, ನಿಧಾನವಾಗಿ ಕರಗುವ ಬಗೆಯದ್ದು 8ರಿಂದ 12 ಗಂಟೆ. ಹಾಗಾಗಿ ಹೆಚ್ಚಿನ ತೊಂದರೆಗಳಿಗೆ ಮದ್ದು ಇರುವುದು ಹೊತ್ತು ಹೊಂದಿಸುವುದರಲ್ಲಿ.

ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ ಆಗಿರಲಿ: ತುಪ್ಪದ ದೋಸೆ, ಮೊಟ್ಟೆ, ಹಾಲು. ತಲೆನೋವು, ಹೊಟ್ಟೆನೋವೂ ಇದರಿಂದ ಕಡಿಮೆಯಾಗುವುದುಂಟು. ಅವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಮಧ್ಯಾಹ್ನ ಒತ್ತಾಯ ಮಾಡಿ ಜಗಳ ಕಟ್ಟಿಕೊಳ್ಳಬೇಡಿ. ಸಂಜೆ ಹಸಿವು ಮರಳಿದಾಗ ಬಿಸ್ಕತ್ತಿನಲ್ಲಿ ಸಾಗಹಾಕದೆ ಊಟವನ್ನೇ ಬಡಿಸಿ. ಎತ್ತರದ ಬೆಳವಣಿಗೆ ಕೆಲವರಲ್ಲಿ ಸ್ವಲ್ಪ ನಿಧಾನವಾಗುವುದರಿಂದ 6 ತಿಂಗಳಿಗೊಮ್ಮೆಯಾದರೂ ಅಳತೆ, ತೂಕ ನೋಡಿ ಬರೆದಿಡಬೇಕು.

ನಿದ್ದೆ ಬಾರದಿದ್ದರೆ ಕೊನೆಯ ಡೋಸ್ ಎಷ್ಟು ಗಂಟೆಗೆ ಎಂದು ಮೊದಲು ನೋಡಿ. ಆದರೆ ಔಷಧದ ಪ್ರಭಾವ ಇಳಿಯುವ ಹೊತ್ತಿನ ಚಡಪಡಿಕೆಯೂ ನಿದ್ದೆ ಕೆಡಿಸಬಲ್ಲದು. ಸಂಜೆಯ ಸಿಡಿಮಿಡಿ, ಅಳು ಅನೇಕ ಸಲ ಇದೇ ಇಳಿತದ ಫಲ. ಆಗ ಬೈಗುಳಕ್ಕಿಂತ ಮಾತ್ರೆಯ ಬಗೆ ಅಥವಾ ಹೊತ್ತು ಬದಲಿಸುವುದು ಉಪಯೋಗಕ್ಕೆ ಬರುತ್ತದೆ. ಅದನ್ನು ವೈದ್ಯರೇ ಮಾಡಬೇಕು. ನುಂಗಲು ಕಷ್ಟವೆಂದು ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿಕೊಡುವುದಂತೂ ಬೇಡವೇ ಬೇಡ: ದಿನದ ಔಷಧವೆಲ್ಲ ಒಟ್ಟಿಗೇ ರಕ್ತಕ್ಕೆ ಸೇರಿಬಿಡುತ್ತದೆ.

ಎದೆನೋವು, ಎಚ್ಚರ ತಪ್ಪುವುದು, ಇಲ್ಲದ್ದು ಕಾಣುವುದು ಕೇಳುವುದು ಅಪರೂಪ. ಆದರೆ ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಹೃದಯಸಾವು ಆಗಿದ್ದರೆ ಮಾತ್ರೆ ಶುರುವಾಗುವ ಮುಂಚೆಯೇ ಹೇಳಿ.

ಯಾರೂ ದೂರು ಕೊಡದ ಅಡ್ಡಪರಿಣಾಮವೂ ಒಂದಿದೆ. ಮಗು ನಗುವುದಿಲ್ಲ, ಕೀಟಲೆಯಿಲ್ಲ, ಕೂರಿಸಿದಲ್ಲೇ ಕೂತಿರುತ್ತದೆ. ‘ಈಗ ಎಷ್ಟು ಚೆನ್ನಾಗಿ ಕೂರ್ತಾನೆ’ ಎಂದು ಟೀಚರ್ ಹೊಗಳುತ್ತಾರೆ, ಮನೆಯವರಿಗೂ ಸಮಾಧಾನ. ನನ್ನ ಪ್ರಕಾರ ಡಬ್ಬಿಗಿಂತ ಮೊದಲು ಡಾಕ್ಟರಿಗೆ ಹೇಳಬೇಕಾದ್ದು ಈ ಮಂಕುತನವನ್ನೇ. ಡೋಸ್ ಹೆಚ್ಚಾಗಿರಬಹುದು, ಇಳಿಸಿದರೆ ಅನೇಕ ಸಲ ಸರಿಹೋಗುತ್ತದೆ.