ಪದ ಪರಿಚಯ: ಸಮಯಸಾಧಕ ಸೋಂಕು

ಕಕ್ಕಡ ತಿಂಗಳ ಮಳೆ ಹಿಡಿದರೆ ಮಡಿಕೇರಿಯಲ್ಲಿ ಬಟ್ಟೆ ಬೀರುವಿನೊಳಗೂ ಒಂದು ಬಲ್ಬ್ ಉರಿಸಿಡುತ್ತೇವೆ. ಇಲ್ಲದಿದ್ದರೆ ಬೆಲ್ಟು, ಶೂ, ಮದುವೆ ಸೀರೆ ಎಲ್ಲಕ್ಕೂ ಬೂಷ್ಟು. ಅದರ ಕಣಗಳನ್ನು ದಿನಾ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಶ್ವಾಸಕೋಶದ ಕಾವಲು ಜೀವಕೋಶಗಳು ಅವನ್ನು ಅಲ್ಲೇ ಮುಗಿಸುತ್ತವೆ.

ಆ ಕಾವಲು ಸಡಿಲಾದವರಿದ್ದಾರೆ: ಕೀಮೋ ಮಾಡಿಸಿಕೊಳ್ಳುತ್ತಿರುವವರು, ಕಿಡ್ನಿ ಕಸಿಯಾದವರು, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ತುಂಬಾ ದಿನ ಸ್ಟಿರಾಯ್ಡ್ ನುಂಗಿದವರು. ಅವರಲ್ಲಿ ಇದೇ ಬೂಷ್ಟು ಹೊತ್ತು ನೋಡಿ ಒಳಗೆ ಬೇರು ಬಿಡುತ್ತದೆ. ಇಂಥದ್ದೇ ಸಮಯಸಾಧಕ ಸೋಂಕು. ‘ಅವಕಾಶವಾದಿ ಸೋಂಕು’ ಅಂತಲೂ ಬರೆಯುತ್ತಾರೆ. ನನಗೆ ಮಾತ್ರ ಆ ಪದ ಕೇಳಿದರೆ ಪಕ್ಷಾಂತರವೇ ನೆನಪಾಗುತ್ತದೆ.

ಪತ್ತೆ ಹಚ್ಚುವುದು ಕಷ್ಟ ಯಾಕೆ? ಎಲ್ಲೆಲ್ಲೂ ಇರುವ ಬೂಷ್ಟು ಕಫದಲ್ಲೂ ಸಿಕ್ಕರೆ ಅದು ರೋಗವೋ, ಸುಮ್ನೆ ಬಂದು ಕೂತದ್ದೋ? ಕಫ ಅದನ್ನು ಹೇಳುವುದಿಲ್ಲ. ಬೂಷ್ಟು ಮಾಂಸದೊಳಗೆ ನುಗ್ಗಿದೆಯಾ ಅಂತ ನೋಡಬೇಕು. ಅದಕ್ಕೇ ಬಯಾಪ್ಸಿ.

ತೆಗೆದ ಚೂರಿನ ಮೇಲೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತಾರೆ. ನಮ್ಮ ಜೀವಕೋಶಗಳು ಕರಗುತ್ತವೆ, ಬೂಷ್ಟಿನ ಗಟ್ಟಿ ಗೋಡೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ತೆಳ್ಳಗಿನ, ನಡುನಡುವೆ ಅಡ್ಡಗೋಡೆಯಿರುವ, ಕವೆಗೋಲಿನಂತೆ ಸುಮಾರು 45 ಡಿಗ್ರಿಗೆ ಕವಲೊಡೆದ ಎಳೆ ಕಂಡರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಇರಬಹುದು. ಅಗಲವಾದ ರಿಬ್ಬನ್ನಿನಂಥ, ಅಡ್ಡಗೋಡೆ ಅಪರೂಪವಾದ, ಹೆಚ್ಚುಕಡಿಮೆ ಲಂಬಕೋನಕ್ಕೆ ಕವಲೊಡೆದ ಎಳೆಯಾದರೆ ಮ್ಯೂಕರ್ ಎಂಬ ಇನ್ನೊಂದು ಬೂಷ್ಟಿನ ಬಳಗ. ಈ ವ್ಯತ್ಯಾಸದ ಮೇಲೆ ಜೀವವೇ ನಿಂತಿರುತ್ತದೆ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದಿಲ್ಲ. ಅದಕ್ಕೆ ಆಂಫೊಟೆರಿಸಿನ್ ಬೇಕು, ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೂ ಬೇಕಾಗುತ್ತದೆ.

ರಕ್ತ ಪರೀಕ್ಷೆಗಳೂ ಇವೆ. ಗ್ಯಾಲಕ್ಟೊಮನ್ನನ್ ಪರೀಕ್ಷೆ ಮುಖ್ಯವಾಗಿ ಆಸ್ಪರ್ಜಿಲಸ್ ಸುಳಿವು ಕೊಡುತ್ತದೆ. ಬೀಟಾ-ಗ್ಲುಕನ್ ಪರೀಕ್ಷೆ ಹಲವು ಶಿಲೀಂಧ್ರಗಳನ್ನು ಹಿಡಿಯುತ್ತದೆ. ಮ್ಯೂಕರ್ ಎರಡರಿಂದಲೂ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ‘ರಿಪೋರ್ಟ್ ನಾರ್ಮಲ್’ ಅಂತ ನಿಟ್ಟುಸಿರು ಬಿಡುವ ಹಾಗಿಲ್ಲ.

2021ರಲ್ಲಿ ‘ಕಪ್ಪು ಶಿಲೀಂಧ್ರ’ ಅಂತ ಊರೆಲ್ಲ ಹೆದರಿತ್ತಲ್ಲ, ಅದು ಇದೇ ಮ್ಯೂಕರ್. ಕಪ್ಪು ಅದರ ಬಣ್ಣವಲ್ಲ. ರಕ್ತನಾಳ ಮುಚ್ಚಿಹೋಗಿ ಸತ್ತ ಮಾಂಸದ ಬಣ್ಣ.

ಇನ್ನೊಂದು ಚಿಕ್ಕ ವಿಷಯ, ಆದರೆ ಇದರಲ್ಲೇ ಜಾಸ್ತಿ ಎಡವುವುದು. ಚೂರು ಪೂರ್ತಿ, ಮಾದರಿ ಕೆಡದಂತೆ ಇಡುವ ಫಾರ್ಮಲಿನ್‌ಗೆ ಬಿದ್ದರೆ ಬೂಷ್ಟು ಸಾಯುತ್ತದೆ, ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಮ್ಯೂಕರ್ ಅನುಮಾನವಿದ್ದರೆ ಚೂರನ್ನು ಅರೆಯುವಂತೆಯೂ ಇಲ್ಲ, ಎಳೆಗಳು ಒಡೆದುಹೋಗುತ್ತವೆ. ಅದಕ್ಕೇ ಎರಡು ಬಾಟಲಿ: ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಮಾದರಿ ಘಟ್ಟ ಇಳಿದು ಮಂಗಳೂರಿಗೋ, ಕುಶಾಲನಗರ ದಾಟಿ ಮೈಸೂರಿಗೋ ಹೋಗಬೇಕಾದರೆ, ಹೊರಡುವ ಮೊದಲೇ ಆ ಎರಡನೇ ಬಾಟಲಿ ಇದೆಯಾ ಅಂತ ಕೇಳಿಬಿಡಿ.

ಆಂಟಿಬಯೋಟಿಕ್ ಕೊಟ್ಟು ನಾಲ್ಕೈದು ದಿನವಾದರೂ ಕೀಮೋ ರೋಗಿಯ ಜ್ವರ ಇಳಿಯದಿದ್ದರೆ ಡಾಕ್ಟರ್ ಬೂಷ್ಟಿನ ಕಡೆ ಯೋಚಿಸಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಜೊತೆಗೆ ಎಲ್ಲೆಲ್ಲಿ ಓಡಾಡಿದ್ದಿರಿ ಅಂತಲೂ ಕೇಳುತ್ತಾರೆ. ಆಗ ಕಾಫಿ ಸಿಪ್ಪೆಯ ಗೊಬ್ಬರದ ಗುಂಡಿ ಕೆದಕಿದ್ದನ್ನು, ಬೆಳೆ ಒಣಗಿಸುವ ಕಣ ಗುಡಿಸಿದ್ದನ್ನು ‘ಅದೇನು ದೊಡ್ಡ ವಿಷಯ’ ಅಂತ ಮುಚ್ಚಿಡಬೇಡಿ.