ಸೈಬರ್ ಕಳ್ಳರನ್ನು ಹಿಡಿಯಲು ಪೊಲೀಸರಷ್ಟೇ ಸಾಲದಾ?

ಪ್ರಶ್ನೆ: ಕಳ್ಳರನ್ನು ಹಿಡಿಯುವುದು ಪೊಲೀಸರ ಕೆಲಸ. ಸೈಬರ್ ಅಪರಾಧ ಅಂದ ಕೂಡಲೇ ವಿಶ್ವವಿದ್ಯಾಲಯ, ಖಾಸಗಿ ಕಂಪನಿ ಎಲ್ಲರೂ ಯಾಕೆ ಜೊತೆ ಸೇರುತ್ತಾರೆ? ಇದರಿಂದ ಏನಾದರೂ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದಷ್ಟೇನಾ?

ಉತ್ತರ: ಫೋಟೊ ತೆಗೆಸಿಕೊಂಡಲ್ಲಿಗೇ ಮುಗಿದುಹೋಗುವ ಒಪ್ಪಂದಗಳೂ ಇರುತ್ತವೆ, ನಿಮ್ಮ ಅನುಮಾನ ತಪ್ಪಲ್ಲ. ಆದರೆ ಇಲ್ಲಿ ಒಂದು ತೊಡಕಿದೆ. ಸೈಬರ್ ಅಪರಾಧದ ಸಾಕ್ಷ್ಯ ಇರುವುದು ಯಾವುದೋ ಕಂಪನಿಯ ಸರ್ವರ್‌ನಲ್ಲಿ. ಅದರ ಒಳಸುಳಿ ಬಿಡಿಸಲು ತಿಂಗಳುಗಟ್ಟಲೆ ಕೂರುವ ಪುರುಸೊತ್ತು ಇರುವುದು ಸಂಶೋಧಕರಿಗೆ. ಕೋರ್ಟ್ ಆದೇಶ ತಂದು ಸರ್ವರ್ ಕಿತ್ತುಕೊಳ್ಳುವ, ಆರೋಪಿಯನ್ನು ಬಂಧಿಸುವ ಅಧಿಕಾರ ಇರುವುದು ಪೊಲೀಸರಿಗೆ. ಒಬ್ಬರ ಕೈಯಲ್ಲಿರುವುದು ಇನ್ನೊಬ್ಬರ ಕೈಯಲ್ಲಿಲ್ಲ.

2014ರ ‘ಗೇಮ್‌ಓವರ್ ಜೀಯಸ್’ ಪ್ರಕರಣ ನೋಡಿ. ಹಳೆಯದು, ನಿಜ. ಆದರೆ ವಿಷಯ ಅರ್ಥವಾಗಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ. ಅದು ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ. ಸೋಂಕು ತಗುಲಿದ್ದ ಕಂಪ್ಯೂಟರ್‌ಗಳು 5ರಿಂದ 10 ಲಕ್ಷ ಎಂಬ ಅಂದಾಜಿತ್ತು. ಸಾಮಾನ್ಯವಾಗಿ ಇಂಥ ಸೋಂಕಿತ ಕಂಪ್ಯೂಟರ್‌ಗಳ ಜಾಲಕ್ಕೆ ಆದೇಶ ಕೊಡುವ ಸರ್ವರ್ ಒಂದು ಇರುತ್ತದೆ, ಅದನ್ನು ವಶಪಡಿಸಿಕೊಂಡರೆ ಕಥೆ ಮುಗಿಯಿತು. ಇದರಲ್ಲಿ ಸೋಂಕಿತ ಕಂಪ್ಯೂಟರ್‌ಗಳೇ ಒಂದಕ್ಕೊಂದು ಆದೇಶ ದಾಟಿಸುತ್ತಿದ್ದವು. ಪ್ರತಿಯೊಂದರಲ್ಲೂ ಅಕ್ಕಪಕ್ಕದ ಕೆಲವು ಕಂಪ್ಯೂಟರ್‌ಗಳ ವಿಳಾಸದ ಪಟ್ಟಿ. ಆ ಸಂಪರ್ಕವೂ ತಪ್ಪಿತು ಅನ್ನಿ, ಕುತಂತ್ರಾಂಶ ತಾನೇ ವಾರಕ್ಕೆ 1000 ಹೊಸ ಡೊಮೇನ್ ಹೆಸರು (ಜಾಲತಾಣದ ವಿಳಾಸ) ಹುಟ್ಟಿಸಿ, ಯಾವುದರಲ್ಲಾದರೂ ಯಜಮಾನನ ಆದೇಶ ಕಾದಿದೆಯಾ ಎಂದು ಹುಡುಕುತ್ತಿತ್ತು.

ಸಂಶೋಧಕರು ಮೊದಲು ತಾವಾಗಿಯೇ ಇದನ್ನು ಮುರಿಯಲು ಹೋಗಿ ಸೋತಿದ್ದರು. 2014ರ ಜೂನ್ ಹೊತ್ತಿಗೆ ಎಲ್ಲರೂ ಕೂಡಿ ಕೈಹಾಕಿದರು. ಆಮ್‌ಸ್ಟರ್‌ಡ್ಯಾಮ್‌ನ ವಿಯು ವಿಶ್ವವಿದ್ಯಾಲಯ, ಜರ್ಮನಿಯ ಸಾರ್ಲೆಂಡ್ ವಿಶ್ವವಿದ್ಯಾಲಯ, ಕ್ರೌಡ್‌ಸ್ಟ್ರೈಕ್, ಡೆಲ್ ಸೆಕ್ಯೂರ್‌ವರ್ಕ್ಸ್ ಎಂಬ ಸೈಬರ್ ಭದ್ರತಾ ಕಂಪನಿಗಳು, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್, ಹೀಗೆ ದೊಡ್ಡ ಗುಂಪು. ತಂತ್ರಜ್ಞರು ಆ ವಿಳಾಸದ ಪಟ್ಟಿಗೆ ಸುಳ್ಳು ವಿಳಾಸ ತುಂಬಿದರು. ಅದೇ ಸಮಯಕ್ಕೆ ಪೊಲೀಸರು ಕೋರ್ಟ್ ಆದೇಶ ಹಿಡಿದು ಡೊಮೇನ್‌ಗಳ ದಾರಿ ಮುಚ್ಚಿದರು. ಎರಡೂ ಒಟ್ಟಿಗೇ ಆಗಬೇಕಿತ್ತು. ಒಂದು ತಡವಾದರೂ ಜಾಲ ಇನ್ನೊಂದು ದಾರಿಯಿಂದ ಜೀವ ಹಿಡಿಯುತ್ತಿತ್ತು. ಕೋರ್ಟ್ ಒಪ್ಪಿಗೆ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈಹಾಕಿದರೆ ಸಂಶೋಧಕರೇ ಅಪರಾಧಿಗಳಾಗುವ ಅಪಾಯವೂ ಇದೆ, ಅಲ್ವಾ? ಜಾಲ ಮುರಿಯಿತು. ಆದರೆ ಮುಖ್ಯ ಆರೋಪಿ ಸಿಗಲಿಲ್ಲ. 2015ರಲ್ಲಿ ಅಮೆರಿಕ ಅವನ ಸುಳಿವಿಗೆ 30 ಲಕ್ಷ ಡಾಲರ್ ಬಹುಮಾನ ಘೋಷಿಸಿತು.

ದಿನನಿತ್ಯದ ತನಿಖೆಯಲ್ಲಿ ಇಷ್ಟೊಂದು ರೋಚಕತೆ ಇರುವುದಿಲ್ಲ. ಅಲ್ಲಿ ಜಾಸ್ತಿ ಪೆಟ್ಟು ಕೊಡುವುದು ಸಣ್ಣ ವಿಷಯಗಳು. ಪೊಲೀಸರು ಒಂದು ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ) ಹಿಡಿದು ಇಂಟರ್‌ನೆಟ್ ಕಂಪನಿಗೆ ಪತ್ರ ಬರೆಯುತ್ತಾರೆ: ಇದು ಯಾರದು? ವಿಳಾಸಗಳ ಕೊರತೆಯಿಂದ ಒಂದೇ ಐಪಿಯನ್ನು ಒಂದೇ ಗಳಿಗೆಯಲ್ಲಿ ನೂರಾರು ಗ್ರಾಹಕರು ಹಂಚಿಕೊಂಡಿರಬಹುದು. ಅವರನ್ನು ಬೇರ್ಪಡಿಸಲು ಪೋರ್ಟ್ ಸಂಖ್ಯೆ (ಒಂದೇ ಐಪಿಯಲ್ಲಿ ಪ್ರತಿ ಸಂಪರ್ಕಕ್ಕೂ ಸಿಗುವ ಬೇರೆ ಸಂಖ್ಯೆ) ಬೇಕು, ಸೆಕೆಂಡ್ ಲೆಕ್ಕದ ಸಮಯ ಬೇಕು, ಅದು ಯಾವ ಟೈಮ್ ಝೋನ್ ಎಂಬುದೂ ಬೇಕು. ದಾಳಿಗೊಳಗಾದ ವೆಬ್‌ಸೈಟ್ ತನ್ನ ಲಾಗ್‌ನಲ್ಲಿ, ಅಂದರೆ ಬಂದುಹೋದವರ ದಾಖಲೆಯಲ್ಲಿ, ಪೋರ್ಟ್ ಬರೆದಿಟ್ಟಿಲ್ಲ ಎಂದರೆ ತನಿಖೆ ಅಲ್ಲಿಗೇ ನಿಂತಿತು. ಪೋರ್ಟ್ ಸಂಖ್ಯೆಯನ್ನೂ ದಾಖಲಿಸಿ ಎಂದು ಇಂಟರ್‌ನೆಟ್ ಎಂಜಿನಿಯರ್‌ಗಳು 2011ರಲ್ಲೇ ಆರ್‌ಎಫ್‌ಸಿ 6302 ಎಂಬ ದಾಖಲೆಯಲ್ಲಿ ಶಿಫಾರಸು ಮಾಡಿದ್ದರು. ಆ ಮಾತು ಎಂಜಿನಿಯರ್‌ಗಳ ನಡುವೆಯೇ ಉಳಿದರೆ ಪ್ರಯೋಜನವಿಲ್ಲ. ಕಂಪನಿಗೆ ಏನು ಉಳಿಸಿಡಬೇಕು, ಪೊಲೀಸರಿಗೆ ಏನು ಕೇಳಬೇಕು ಎಂದು ಗೊತ್ತಿರಬೇಕು. ನನ್ನ ಲೆಕ್ಕದಲ್ಲಿ ಮೂವರೂ ಒಟ್ಟಿಗೆ ಕೂರುವುದರ ದೊಡ್ಡ ಲಾಭ ಇದೇ.

ಕೂತ ಮೇಲೆ ಜಗಳವೂ ಇದೆ. ಎತ್ತು ಏರಿಗೆ, ಕೋಣ ನೀರಿಗೆ. ಸಂಶೋಧಕರಿಗೆ ಪ್ರಬಂಧ ಪ್ರಕಟಿಸುವ ಆತುರ, ಪೊಲೀಸರಿಗೆ ಆರೋಪಿ ಸಿಗುವವರೆಗೆ ಗುಟ್ಟು ಬೇಕು. ಕಂಪನಿಗೆ ದಾಳಿಯ ಸುದ್ದಿ ಹೊರಬಿದ್ದರೆ ಗ್ರಾಹಕರು ಕೈಬಿಡುತ್ತಾರೆಂಬ ಭಯ. ನಂಬಿಕೆಗೆ ಪೆಟ್ಟು ಬಿದ್ದ ಉದಾಹರಣೆಯೂ ಇದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಬಳಕೆದಾರರ ಗುರುತು ಮರೆಮಾಚುವ ‘ಟಾರ್’ ಜಾಲದ ಮೇಲೆ ಸಂಶೋಧನೆ ಮಾಡಿತ್ತು. ಅದರಲ್ಲಿ ಸಿಕ್ಕ ಆರೋಪಿಯೊಬ್ಬನ ಐಪಿ ವಿಳಾಸವನ್ನು ತನಿಖಾಧಿಕಾರಿಗಳು ಸಮನ್ಸ್ ಕಳಿಸಿ ಪಡೆದಿದ್ದರು ಎಂಬುದು 2016ರಲ್ಲಿ ಅಮೆರಿಕದ ಕೋರ್ಟ್ ಆದೇಶವೊಂದರಿಂದ ಹೊರಬಂತು. ಜನರ ಮೇಲೆ ನಡೆಯುವ ಸಂಶೋಧನೆ ಪೊಲೀಸ್ ಸಾಕ್ಷ್ಯವಾಗಬಹುದಾ ಎಂಬ ಆ ಚರ್ಚೆ ಸುಲಭಕ್ಕೆ ಮುಗಿಯುವಂಥದ್ದಲ್ಲ. ಯಾವ ಮಾಹಿತಿ, ಯಾರಿಗೆ, ಎಷ್ಟು ದಿನ ಎಂದು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಉತ್ತಮ. ಕೇಂಬ್ರಿಡ್ಜ್ ಸೈಬರ್‌ಕ್ರೈಮ್ ಸೆಂಟರ್ ತಾನು ಸಂಗ್ರಹಿಸಿದ ಮಾಹಿತಿಯನ್ನು ಬೇರೆ ಸಂಶೋಧಕರಿಗೆ ಕೊಡುವಾಗ ಹೀಗೆ ಕಾನೂನು ಒಪ್ಪಂದ ಮಾಡಿಕೊಳ್ಳುತ್ತದೆ.

ನಿಮಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದೂ ಒಂದಿದೆ: ‘ನೋ ಮೋರ್ ರ‍್ಯಾನ್ಸಮ್’ ಜಾಲತಾಣ. 2016ರ ಜುಲೈನಲ್ಲಿ ಡಚ್ ಪೊಲೀಸರು, ಯುರೋಪೋಲ್, ಕ್ಯಾಸ್ಪರ್‌ಸ್ಕೀ ಮತ್ತು ಇಂಟೆಲ್ ಸೆಕ್ಯುರಿಟಿ ಕಂಪನಿಗಳು ಸೇರಿ ಶುರುಮಾಡಿದ್ದು. ಯಾರಾದರೂ ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದರೆ, ಅದಕ್ಕೆ ಬಿಡಿಸುವ ಕೀ ಇದೆಯಾ ಎಂದು ಅಲ್ಲಿ ಉಚಿತವಾಗಿ ನೋಡಬಹುದು. ಸಿಗದಿದ್ದರೆ ಫೈಲ್ ಅಳಿಸಬೇಡಿ, ಪ್ರತಿ ಇಟ್ಟುಕೊಳ್ಳಿ. ಗೇಮ್‌ಓವರ್ ಜಾಲದ ಮೂಲಕ ಹರಡಿದ್ದ, ಹೀಗೇ ಫೈಲ್‌ಗೆ ಬೀಗ ಹಾಕುವ ‘ಕ್ರಿಪ್ಟೋಲಾಕರ್’ನ ಕೀಗಳು ಜಾಲ ಮುರಿದ ಎರಡು ತಿಂಗಳಿಗೆ, 2014ರ ಆಗಸ್ಟ್‌ನಲ್ಲಿ, ಸಿಕ್ಕವು. ಫೈಲ್ ಉಳಿಸಿಕೊಂಡಿದ್ದವರು ದುಡ್ಡು ಕೊಡದೆ ಬಿಡಿಸಿಕೊಂಡರು.